ಬೈಕಿಗೆ ಅಗ್ಗದ ಬ್ಯಾಟರಿಯೋ, ದುಬಾರಿಯದೋ? ಮಲೆನಾಡಿನ ಸವಾರರಿಗೊಂದು ಲೆಕ್ಕ

ಪುನರ್ವಸು ಮಳೆ ಹಿಡಿದಿತ್ತು. ಕೊಟ್ಟಿಗೆ ಪಕ್ಕದ ಮಾಡಿನಡಿ ಎರಡು ವಾರದಿಂದ ನಿಂತಿದ್ದ ಬೈಕನ್ನು ತೀರ್ಥಹಳ್ಳಿಗೆ ಹೊರಡಿಸಲು ಹೋದೆ. ಸೆಲ್ಫ್ ಒತ್ತಿದರೆ ಸೀಟಿನ ಕೆಳಗೆ ಟಕ್ ಟಕ್ ಟಕ್. ಹಾರ್ನ್ ಒತ್ತಿದರೆ ನೆಗಡಿಯಾದ ಹುಂಜದ ದನಿ. ಬೈಕಿಗೆ ಕಿಕ್ ಇಲ್ಲ. ಮನೆಯಿಂದ ಟಾರು ರಸ್ತೆಗೆ ಒಂದೂವರೆ ಕಿಲೋಮೀಟರು ಏರುದಾರಿ, ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ.

ಆ ಬೈಕಿಗೆ ಎರಡು ವರ್ಷದೊಳಗೆ ಎರಡು ಬ್ಯಾಟರಿ ಹಾಕಿದ್ದೆ. ಒಂದು ಅಗ್ಗದ್ದು, ಎಂಟು ತಿಂಗಳಿಗೆ ಮಲಗಿತು. ಬುದ್ಧಿ ಬಂತೆಂದುಕೊಂಡು ಮುಂದಿನದು ದುಬಾರಿಯದನ್ನೇ ತಂದೆ. ಅದು ಹದಿನಾಲ್ಕು ತಿಂಗಳಿಗೆ ಮಲಗಿತು. ಎರಡನ್ನೂ ಕೊಂದದ್ದು ಒಂದೇ ರೋಗ, ಅದು ಬ್ಯಾಟರಿಯ ರೋಗ ಆಗಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಹಾಗಾಗಿ ಯಾವುದನ್ನು ಕೊಳ್ಳಬೇಕು ಅನ್ನುವುದನ್ನು ಹೇಳುವ ಮುಂಚೆ, ಕೊಳ್ಳಬೇಕೋ ಬೇಡವೋ ಅನ್ನುವಲ್ಲಿಂದ ಶುರು ಮಾಡುತ್ತೇನೆ.

ಮೊದಲು: ಸತ್ತದ್ದು ಬ್ಯಾಟರಿಯೇ ಹೌದೇ?

ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ, ಬೋಲ್ಟ್ ಸಡಿಲವಾಗಿದೆಯೇ? ನಮ್ಮ ಕಡೆಯ ಥಂಡಿಗೆ ಇದು ಮಾಮೂಲು. ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಅಡುಗೆ ಸೋಡ ಹಾಕಿ ಉಜ್ಜಿ, ಒಣಗಿಸಿ ಬಿಗಿ ಮಾಡಿ. ಎಷ್ಟೋ "ಸತ್ತ" ಬ್ಯಾಟರಿಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಏಳದಿದ್ದರೆ ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮುನ್ನೂರು ರೂಪಾಯಿ ಆಸುಪಾಸಿಗೆ ಸಿಗುವ ಹಳದಿ ಡಬ್ಬ ಧಾರಾಳ ಸಾಕು. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ ಹಿಡಿದು ಮೂರು ಅಳತೆ ತೆಗೆಯಬೇಕು.

ಒಂದನೆಯದು, ಬೈಕು ರಾತ್ರಿಯಿಡೀ ನಿಂತಮೇಲೆ, ಬೆಳಿಗ್ಗೆ ಕೀ ಹಾಕುವ ಮುಂಚೆ. 12.6ರಿಂದ 12.8 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ರ ಕೆಳಗೆ ಬಂದರೆ ಹೆಚ್ಚುಕಡಿಮೆ ಖಾಲಿ. ಹನ್ನೆರಡು ವೋಲ್ಟಿನ ಸೀಸದ ಬ್ಯಾಟರಿಯೊಳಗೆ ಆರು ಸೆಲ್‌ಗಳಿರುತ್ತವೆ, ಪ್ರತಿಯೊಂದೂ ಸುಮಾರು 2.1 ವೋಲ್ಟ್. ಚಾರ್ಜ್ ಮಾಡಿಟ್ಟರೂ ಮೀಟರು 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಹೋಗಿದೆ ಎಂದೇ ಲೆಕ್ಕ. ಅದಕ್ಕೆ ಮದ್ದಿಲ್ಲ.

ಎರಡನೆಯದು, ಸೆಲ್ಫ್ ಒತ್ತಿರುವಾಗ. ಮೀಟರು ಕುಸಿಯುವುದು ಸಹಜ, ಆದರೆ 9.5ಕ್ಕಿಂತ ಕೆಳಗೆ ಬೀಳಬಾರದು. ನಿಂತಾಗ 12.6 ತೋರಿಸಿ, ಒತ್ತಿದ ಕೂಡಲೇ 7ಕ್ಕೆ ಇಳಿದರೆ ಬ್ಯಾಟರಿ ಮುಗಿದಿದೆ. ವೋಲ್ಟೇಜ್ ಕುಸಿಯುವುದೇ ಇಲ್ಲ, ಸೆಲ್ಫೂ ತಿರುಗುತ್ತಿಲ್ಲ ಅಂದರೆ ಬ್ಯಾಟರಿಯನ್ನು ಬೈಯಬೇಡಿ. ರಿಲೇ, ಕ್ಲಚ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಸೆಲ್ಫ್ ಮೋಟಾರಿನ ಕಾರ್ಬನ್, ಇವುಗಳಲ್ಲೊಂದು ಕೈಕೊಟ್ಟಿದೆ.

ಮೂರನೆಯ ಅಳತೆಯನ್ನು ಹೆಚ್ಚಿನವರು ತೆಗೆಯುವುದೇ ಇಲ್ಲ. ನಾನೂ ತೆಗೆದಿರಲಿಲ್ಲ. ಇಂಜಿನ್ ಓಡುತ್ತಿರಲಿ, ಆಕ್ಸಿಲರೇಟರ್ ಸ್ವಲ್ಪ ತಿರುಚಿ ಹಿಡಿಯಿರಿ, ಬ್ಯಾಟರಿ ಮೇಲೆ ಮೀಟರು ಇಡಿ. 13.8ರಿಂದ 14.5ರೊಳಗೆ ಇರಬೇಕು. 13ರ ಆಸುಪಾಸಿನಲ್ಲೇ ಉಳಿದರೆ ಚಾರ್ಜ್ ಆಗುತ್ತಿಲ್ಲ, ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್ ಅಥವಾ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್, ಆ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಡಬ್ಬಿ) ನೋಡಿಸಬೇಕು. 15 ದಾಟಿದರೆ ಆರ್‌ಆರ್ ಯೂನಿಟ್ ಹೋಗಿದೆ, ಬ್ಯಾಟರಿಯನ್ನು ಅದು ದಿನಾ ಬೇಯಿಸುತ್ತಿದೆ. ನನ್ನ ಬೈಕಿನಲ್ಲಿ ಬಂದದ್ದು 15.4. ದುಬಾರಿ ಬ್ಯಾಟರಿಯ ಪಕ್ಕೆ ಉಬ್ಬಿತ್ತು. ಉಬ್ಬಿದ್ದಕ್ಕೆ ವಾರಂಟಿ ಇಲ್ಲವೆಂದು ಅಂಗಡಿಯಲ್ಲಿ ಕೈ ಆಡಿಸಿದರು. ಜಗಳ ಆಡಿದೆ, ಆದರೆ ತಪ್ಪು ಅವರದಾಗಿರಲಿಲ್ಲ. ಆರ್‌ಆರ್ ಯೂನಿಟ್ ಬದಲಿಸಿದ ಮೇಲೆ ಹಾಕಿದ ಬ್ಯಾಟರಿ ಈಗ ಮೂರನೇ ಮಳೆಗಾಲ ನೋಡುತ್ತಿದೆ.

ಚಾರ್ಜಿಂಗ್ ಸರಿಯಿಲ್ಲದ ಬೈಕಿಗೆ ಯಾವ ಬೆಲೆಯ ಬ್ಯಾಟರಿ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇದಕ್ಕೇ ಸೇರಿದ ಇನ್ನೊಂದು ಮಾತು. ಆಗುಂಬೆ, ಹುಲಿಕಲ್ ಕಡೆ ಓಡಾಡುವ ಹುಡುಗರು ಮಂಜಿಗೆಂದು ಎರಡು ಎಲ್‌ಇಡಿ ಫಾಗ್ ಲೈಟ್ ಕೂರಿಸಿಕೊಳ್ಳುತ್ತಾರೆ. ಒಂದೊಂದು 20 ವ್ಯಾಟ್ ಇದ್ದರೂ ಒಟ್ಟು 40 ವ್ಯಾಟ್, ಅಂದರೆ ಸುಮಾರು 3 ಆಂಪಿಯರ್. ಘಾಟಿಯಲ್ಲಿ ಬಸ್ಸಿನ ಹಿಂದೆ ನಿಧಾನಕ್ಕೆ ಹೋಗುವಾಗ ಸಣ್ಣ ಬೈಕಿನ ಕಾಯಿಲ್‌ಗೆ ಅಷ್ಟು ಹೆಚ್ಚುವರಿ ಕರೆಂಟ್ ಕೊಡಲು ಆಗುವುದಿಲ್ಲ, ಉಳಿದದ್ದನ್ನು ಬ್ಯಾಟರಿ ತುಂಬಿಕೊಡಬೇಕು. 4 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿಯ ಮೇಲೆ ಆ ಭಾರವೆಲ್ಲ ಬಿದ್ದರೆ ಒಂದು ಗಂಟೆ ಚಿಲ್ಲರೆಗೆ ಖಾಲಿ. ಅಂಥವರು "ಒಳ್ಳೆ ಬ್ಯಾಟ್ರಿ ಯಾವುದು ಮಾರಾಯ್ರೆ?" ಎಂದು ಕೇಳಿದರೆ ನನ್ನ ಉತ್ತರ ಒಂದೇ: ಒಂದು ಲೈಟ್ ಬಿಚ್ಚಿ.

ನಿಮ್ಮ ಬೈಕು ಯಾವ ಕಾಲದ್ದು?

ಕಿಕ್ ಇರುವ ಹಳೆಯ ಕಾರ್ಬ್ಯುರೇಟರ್ ಬೈಕಿಗೆ ಬ್ಯಾಟರಿ ಒಂದು ಅನುಕೂಲ. ಅದು ಅರೆಜೀವವಾಗಿದ್ದರೂ ನಾಲ್ಕು ಕಿಕ್ ಹೊಡೆದು ಪೇಟೆ ಮುಟ್ಟಬಹುದು. 2020ರ ಏಪ್ರಿಲ್‌ನಿಂದ ಹೊಗೆಯ ಮಿತಿ ಹೇಳುವ ಬಿಎಸ್6 ನಿಯಮ ಬಂದಮೇಲೆ ಬಹುಪಾಲು ಬೈಕುಗಳಿಗೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಬೈಕಿನೊಳಗಿನ ಪೆಟ್ರೋಲ್ ಪಂಪಿಗೂ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಇಸಿಯುಗೂ ಬ್ಯಾಟರಿಯೇ ಗತಿ. ಎಷ್ಟೋ ಮಾಡೆಲ್‌ಗಳಲ್ಲಿ ಕಿಕ್ಕನ್ನೂ ತೆಗೆದುಹಾಕಿದರು. ಬ್ಯಾಟರಿ ಪೂರ್ತಿ ಸತ್ತರೆ ಇಂಥ ಬೈಕನ್ನು ಇಳಿಜಾರಿನಲ್ಲಿ ಬಿಟ್ಟರೂ ಏಳುವುದು ಕಷ್ಟ. 2017ರಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯಲೇಬೇಕೆಂಬ ನಿಯಮ ಬೇರೆ.

ಅಗ್ಗವೋ ದುಬಾರಿಯೋ ಅನ್ನುವುದರಲ್ಲಿ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಕಿಕ್ ಇಲ್ಲದ ಇಂಜೆಕ್ಷನ್ ಬೈಕು, ಮನೆ ಬಸ್ ಸ್ಟಾಪಿನಿಂದ ದೂರ, ಅಂಥವರು ಬ್ಯಾಟರಿಯಲ್ಲಿ ಉಳಿತಾಯಕ್ಕೆ ಹೋಗಬಾರದು. ಹಾಲಿನ ಡೇರಿಗೆ, ತೋಟಕ್ಕೆ ಮಾತ್ರ ಹೋಗುವ ಹದಿನೈದು ವರ್ಷದ ಕಿಕ್ ಬೈಕಿಗೆ ಮೇಲ್ದರ್ಜೆಯ ಬ್ಯಾಟರಿ ಹಾಕುವುದು ದುಂದು.

ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ

ಸ್ಟಿಕ್ಕರಿನ ಮೇಲಿನ "ಪ್ರೀಮಿಯಂ", "ಪವರ್", "ಪ್ಲಸ್" ಅನ್ನುವ ಪದಗಳಿಗೆ ಅಳತೆಗೋಲು ಇಲ್ಲ. ಒಳಗೇನಿದೆ ಅನ್ನುವುದೇ ಲೆಕ್ಕ.

ಎಲ್ಲಕ್ಕಿಂತ ಕೆಳಗಿನ ಬೆಲೆಗೆ ಸಿಗುವುದು ಹೆಸರಿಲ್ಲದ ಲೋಕಲ್ ಬ್ಯಾಟರಿ, ಇಲ್ಲವೇ ಹಳೆಯದನ್ನು ಬಿಚ್ಚಿ ರಿಪೇರಿ ಮಾಡಿದ್ದು. ಸೀಸದ ತಟ್ಟೆಗಳು ತೆಳು. ತೆಳು ತಟ್ಟೆ ಹೊಸದರಲ್ಲಿ ಚೆನ್ನಾಗಿಯೇ ಕರೆಂಟ್ ಕೊಡುತ್ತದೆ, ಅದಕ್ಕೇ ಅಂಗಡಿ ಮುಂದೆ ಸೆಲ್ಫ್ ಝರ್ ಅಂತ ಹೊಡೆಯುತ್ತದೆ. ಆದರೆ ಗುಂಡಿ ರಸ್ತೆಯ ಕುಲುಕಾಟಕ್ಕೆ ತಟ್ಟೆಯ ಮೇಲಿನ ಪದಾರ್ಥ ಉದುರಿ ತಳ ಸೇರುತ್ತದೆ. ಎಸ್ಟೇಟ್ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಇದರ ಆಯುಸ್ಸು ಇನ್ನೂ ಕಡಿಮೆ.

ಆಸಿಡ್ ತುಂಬುವ, ಆಗಾಗ ಡಿಸ್ಟಿಲ್ಡ್ ವಾಟರ್ ಕುಡಿಸಬೇಕಾದ ಹಳೆ ಮಾದರಿಯೂ ಇದೆ. ಕಂಪನಿಯದಾದರೆ ಇದು ಕೆಟ್ಟದ್ದಲ್ಲ. ನೀರು ನೋಡುವ ಶಿಸ್ತು ಇರುವವರ ಮನೆಯಲ್ಲಿ ಚೆನ್ನಾಗಿ ಬಾಳುತ್ತದೆ. ಎರಡು ಎಚ್ಚರ: ಮಟ್ಟ ಕೆಳಗಿನ ಗೆರೆಗಿಂತ ಇಳಿಯಬಾರದು, ಬಾವಿ ನೀರು, ಮಳೆ ನೀರು, ಮಿನರಲ್ ವಾಟರ್ ಯಾವುದೂ ಬೇಡ. ಪಕ್ಕದಿಂದ ಇಳಿಯುವ ಸಣ್ಣ ಪೈಪನ್ನು ಚೈನಿನಿಂದ ದೂರ ಬಿಡಬೇಕು, ಇಲ್ಲದಿದ್ದರೆ ತೊಟ್ಟಿಕ್ಕುವ ಆಸಿಡ್ ಚೈನನ್ನೂ ಫ್ರೇಮನ್ನೂ ತಿನ್ನುತ್ತದೆ.

ಈಗ ಹೆಚ್ಚಿನ ಬೈಕುಗಳಲ್ಲಿ ಬರುವುದು ಮುಚ್ಚಿದ ಮೆಂಟೆನೆನ್ಸ್ ಫ್ರೀ ಬ್ಯಾಟರಿ. ತಟ್ಟೆಗಳ ನಡುವೆ ಗಾಜಿನ ನಾರಿನ ಚಾಪೆ ಇರುತ್ತದೆ, ಆಸಿಡ್ ಅದರಲ್ಲಿ ಹೀರಿಕೊಂಡಿರುತ್ತದೆ. ಎಜಿಎಂ ಅನ್ನುವುದು ಇದಕ್ಕೇ. ಚಾಪೆ ತಟ್ಟೆಗಳನ್ನು ಒತ್ತಿ ಹಿಡಿದಿರುವುದರಿಂದ ಕುಲುಕಾಟ ತಡೆಯುತ್ತದೆ, ನಿಲ್ಲಿಸಿದಾಗ ಚಾರ್ಜ್ ಸೋರುವುದೂ ಕಡಿಮೆ. ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಜಾತಿ. ಅಂಗಡಿಯಲ್ಲಿ "ಜೆಲ್ ಬ್ಯಾಟ್ರಿ" ಎಂದು ಕೊಡುವ ಅನೇಕ ಬ್ಯಾಟರಿಗಳು ನಿಜಕ್ಕೂ ಇವೇ. ಹೆಸರಿಗೆಂದು ಹೆಚ್ಚು ಕೊಡಬೇಡಿ.

ಎಲ್ಲಕ್ಕಿಂತ ಮೇಲಿರುವುದು ಲಿಥಿಯಂ. ತೂಕ ಸೀಸದ್ದರ ಮೂರನೇ ಒಂದು ಭಾಗದಷ್ಟು, ಬೆಲೆ ಹಲವು ಪಟ್ಟು. ಹೆಚ್ಚು ವೋಲ್ಟೇಜ್ ಇದಕ್ಕೆ ಆಗಿಬರುವುದಿಲ್ಲ, ಚಾರ್ಜರೂ ಬೇರೆಯೇ ಬೇಕು. ರೇಸು, ಹವ್ಯಾಸದವರಿಗೆ ಸರಿ. ಅಡಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಲು ಹೋಗುವ ಬೈಕಿಗೆ ಅದು ಯಾಕೆ?

ಎಕ್ಸೈಡ್, ಅಮರಾನ್, ಎಸ್‌ಎಫ್ ಸೋನಿಕ್, ಟಾಟಾ ಗ್ರೀನ್ ಹೀಗೆ ಹೆಸರುಗಳು ಹಲವು. ಎಸ್‌ಎಫ್ ಸೋನಿಕ್ ಎಕ್ಸೈಡ್ ಮನೆಯದೇ ಇನ್ನೊಂದು ಹೆಸರು, ಅಮರಾನ್ ತಿರುಪತಿ ಕಡೆಯ ಅಮರರಾಜಾದ್ದು. ಇವುಗಳಲ್ಲಿ ಯಾವುದು ಮೇಲು ಎಂದು ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ನನ್ನ ಮಟ್ಟಿಗೆ, ನಿಮ್ಮ ಊರಿನ ಹತ್ತಿರ ಯಾವುದರ ಡೀಲರ್ ಇದ್ದಾರೋ ಅದು ಮೇಲು. ಕಾರಣ ಮುಂದೆ ಬರುತ್ತದೆ.

ದುಡ್ಡಿನ ಲೆಕ್ಕ

ಸಣ್ಣ ಬೈಕಿನ ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಲೋಕಲ್‌ದು 700 ರೂಪಾಯಿ, ಕಂಪನಿಯದು 1,400 ಅಂತಿಟ್ಟುಕೊಳ್ಳೋಣ. ಮೊದಲನೆಯದು ಒಂದು ವರ್ಷ, ಎರಡನೆಯದು ಮೂರು ವರ್ಷ ಬಂದರೆ, ಮೂರು ವರ್ಷಕ್ಕೆ 2,100 ಎದುರಿಗೆ 1,400. ಇದರ ಮೇಲೆ ಪ್ರತಿ ಸಲ ಕೈಕೊಟ್ಟಾಗ ಒಂದು ದಿನದ ಕೆಲಸ ಹೋಯಿತು, ಬಸ್ ಚಾರ್ಜು ಹೋಯಿತು, ಮೆಕ್ಯಾನಿಕ್ಕನ್ನು ಮನೆತನಕ ಕರೆಸಿದರೆ ಅವರ ಪೆಟ್ರೋಲು. ಅಗ್ಗದ್ದು ಗೆಲ್ಲುವ ಸಂದರ್ಭ ಒಂದೇ ನನಗೆ ಕಾಣುವುದು: ಇನ್ನಾರು ತಿಂಗಳಲ್ಲಿ ಮಾರುವ ಕಿಕ್ ಬೈಕು. (ಕೊಳ್ಳುವವರ ಪಾಪ ಯಾರಿಗೆ ಅಂತ ಕೇಳಬೇಡಿ.)

ಆದರೆ ಕಂಪನಿಯದರಲ್ಲೂ ಅತಿ ದುಬಾರಿಗೆ ಜಿಗಿಯಬೇಕೆಂದಿಲ್ಲ. ಒಂದೇ ಕಂಪನಿಯಲ್ಲಿ ಕಡಿಮೆ ತಿಂಗಳ ವಾರಂಟಿಯದೊಂದು, ಹೆಚ್ಚು ತಿಂಗಳದೊಂದು ಇರುತ್ತವೆ. ಡಬ್ಬದ ಮೇಲೆ 48 ತಿಂಗಳು ಎಂದಿದ್ದರೆ ನಾಲ್ಕು ವರ್ಷ ಪುಕ್ಕಟೆ ಬದಲಿ ಎಂದಲ್ಲ. ಮೊದಲರ್ಧ ಪುಕ್ಕಟೆ ಬದಲಿ, ಉಳಿದರ್ಧದಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ, ಹೀಗೆ ಒಡೆದಿರುತ್ತದೆ. ಆದ್ದರಿಂದ ಕೇಳಬೇಕಾದ್ದು "ವಾರಂಟಿ ಎಷ್ಟು?" ಅಂತಲ್ಲ, "ಫ್ರೀ ರಿಪ್ಲೇಸ್‌ಮೆಂಟ್ ಎಷ್ಟು ತಿಂಗಳು?" ಅಂತ. ಆ ತಿಂಗಳಿಂದ ಬೆಲೆಯನ್ನು ಭಾಗಿಸಿ, ಎರಡು ಬ್ಯಾಟರಿಗಳನ್ನು ಹೋಲಿಸಿ.

ವಾರಂಟಿಯ ಬೆಲೆ ಕಿಲೋಮೀಟರಿನಲ್ಲೂ ಇದೆ. ಬ್ಯಾಟರಿ ಕೊಂಡುಹೋದರೆ ಅಂಗಡಿಯವರು ಕೂಡಲೇ ಹೊಸದು ಕೊಡುವುದಿಲ್ಲ. ಚಾರ್ಜಿಗೆ ಹಾಕಿ, ಒಂದೆರಡು ದಿನ ಇಟ್ಟು, ಟೆಸ್ಟ್ ಮಾಡಿ ಹೇಳುತ್ತಾರೆ. ಶಿವಮೊಗ್ಗದಲ್ಲಿ ನೂರು ರೂಪಾಯಿ ಕಡಿಮೆ ಎಂದು ಕೊಂಡವರು ನಿಟ್ಟೂರಿನಿಂದಲೋ ಬಿದನೂರು ನಗರದಿಂದಲೋ ಎರಡೆರಡು ಸಲ ಹೋಗಿಬರಬೇಕು. ಹೊಸನಗರದಲ್ಲೋ ಸಾಗರದಲ್ಲೋ ಹತ್ತಿರ ಸಿಗುವುದನ್ನೇ ಕೊಳ್ಳಿ, ಟೆಸ್ಟ್ ಮುಗಿಯುವ ತನಕ ಓಡಿಸಲು ಸ್ಪೇರ್ ಬ್ಯಾಟರಿ ಕೊಡುತ್ತಾರಾ ಎಂದೂ ಮೊದಲೇ ಕೇಳಿಕೊಳ್ಳಿ. ಆನ್‌ಲೈನ್ ಖರೀದಿ ನನಗೆ ಇದಕ್ಕೇ ಸೇರದು. ಡಬ್ಬ ಬಿಚ್ಚುವತನಕ ತಾರೀಖು ಕಾಣುವುದಿಲ್ಲ, ಕೆಟ್ಟರೆ ಯಾರ ಬಾಗಿಲು ಬಡಿಯುವುದು?

ಅಂಗಡಿಯಲ್ಲಿ ನಿಂತು

ಮೊದಲು ತಾರೀಖು. ಬೆಲೆಗಿಂತ, ಹೆಸರಿಗಿಂತ ಇದು ಮುಖ್ಯ. ಸೀಸದ ಬ್ಯಾಟರಿ ಕಪಾಟಿನಲ್ಲಿ ಕೂತೇ ಮುದಿಯಾಗುತ್ತದೆ. ಚಾರ್ಜ್ ಇಳಿದಂತೆ ತಟ್ಟೆಯ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ತಯಾರಾದ ತಿಂಗಳನ್ನು ಕೆಲವರು ಅಚ್ಚು ಹಾಕಿರುತ್ತಾರೆ, ಕೆಲವರು ಅಕ್ಷರ-ಅಂಕೆಯ ಕೋಡ್ ಕೊಟ್ಟಿರುತ್ತಾರೆ. ಓದಲು ಬಾರದಿದ್ದರೆ ಓದಿಸಿ. ಮೂರು ತಿಂಗಳೊಳಗಿನದು ಒಳ್ಳೆಯದು, ಆರು ದಾಟಿದ್ದು ಬೇಡ. ವರ್ಷ ಕೂತ ದುಬಾರಿ ಬ್ಯಾಟರಿಗಿಂತ ಕಳೆದ ತಿಂಗಳ ಸಾಧಾರಣ ಕಂಪನಿ ಬ್ಯಾಟರಿ ಮೇಲು.

ಆಮೇಲೆ ನಿಮ್ಮ ಜೇಬಿನ ಮೀಟರು ಹೊರಗೆ ತೆಗೆಯಿರಿ. ಸಂಕೋಚ ಬೇಡ. 12.6 ಮೇಲಿದ್ದರೆ ತೆಗೆದುಕೊಳ್ಳಿ, 12.4ಕ್ಕಿಂತ ಕೆಳಗಿದ್ದರೆ ಇನ್ನೊಂದು ಕೊಡಿ ಅನ್ನಿ.

ಹೆಸರು ಗೊತ್ತಿಲ್ಲದ ಬ್ಯಾಟರಿಯ ಮುಂದೆ ನಿಂತು ಮನಸ್ಸು ಓಲಾಡುತ್ತಿದೆಯೇ? ಅದೇ ಮಾದರಿಯ, ಅದೇ ಎಎಚ್‌ನ ಕಂಪನಿ ಬ್ಯಾಟರಿ ಪಕ್ಕ ಇಟ್ಟು ಎರಡನ್ನೂ ತೂಗಿ. ಸೀಸ ಕಡಿಮೆಯಿದ್ದರೆ ತೂಕ ಕಡಿಮೆ, ಮುಚ್ಚಿಡಲು ಬರುವುದಿಲ್ಲ. ಅಡಕೆ ತೂಗಿಸುವಾಗ ಅಷ್ಟು ಕಣ್ಣಿಡುವ ನಾವು ಇಲ್ಲಿ ಮಾತ್ರ ಯಾಕೆ ಸುಮ್ಮನಿರುತ್ತೇವೋ.

ಅಳತೆ ಹೊಂದಬೇಕು: ಉದ್ದ, ಅಗಲ, ಎತ್ತರ, ಎಎಚ್, ಜೊತೆಗೆ ಪ್ಲಸ್ ಇರುವುದು ಎಡಕ್ಕೋ ಬಲಕ್ಕೋ. ಹಳೆಯ ಬ್ಯಾಟರಿಯನ್ನೇ ಕೊಂಡುಹೋದರೆ ಗೊಂದಲವಿಲ್ಲ, ಅದಕ್ಕೆ ಎಕ್ಸ್‌ಚೇಂಜ್ ಬೆಲೆಯೂ ಸಿಗುತ್ತದೆ. ಒಂದೇ ಹೆಸರಿನ ಬೈಕಿನಲ್ಲೂ ವರ್ಷದಿಂದ ವರ್ಷಕ್ಕೆ ಬ್ಯಾಟರಿ ಬದಲಾಗಿರುತ್ತದೆ. ಹಳೆಯ ಕ್ಲಾಸಿಕ್ 350ಗೆ 14 ಎಎಚ್ ಇತ್ತು, ಹೊಸದಕ್ಕೆ 8 ಎಎಚ್ ಬರುತ್ತದೆ.

ಬಿಲ್ಲು, ಸೀಲು ಹಾಕಿದ ವಾರಂಟಿ ಕಾರ್ಡು, ಅದರಲ್ಲಿ ಬ್ಯಾಟರಿಯ ಸೀರಿಯಲ್ ನಂಬರು. ಮೂರಕ್ಕೂ ಅಲ್ಲೇ ಫೋಟೋ ಹೊಡೆದುಕೊಳ್ಳಿ. ಕಾಗದ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿದು ಅಕ್ಷರ ಮಾಯವಾಗುತ್ತದೆ.

ಅಂಗಡಿಯಲ್ಲೇ ಆಸಿಡ್ ತುಂಬಿಕೊಡುವ ಬಗೆಯದಾದರೆ "ಹಾಕ್ಕೊಂಡು ಹೋಗಿ, ಓಡಿಸ್ತಾ ಚಾರ್ಜ್ ಆಗುತ್ತೆ" ಅನ್ನುವ ಮಾತಿಗೆ ಒಪ್ಪಬೇಡಿ. ಮೊದಲ ಚಾರ್ಜು ಪೂರ್ತಿ ಆಗದ ಬ್ಯಾಟರಿ ಜೀವಮಾನದಲ್ಲಿ ತನ್ನ ಪೂರ್ತಿ ಶಕ್ತಿ ಮುಟ್ಟುವುದಿಲ್ಲ. ಸಂಜೆ ಬಂದು ಒಯ್ಯುತ್ತೇನೆ ಎಂದು ಚಾರ್ಜಿಗೆ ಇಡಿಸಿ.

ಕೂರಿಸುವುದು

ಬಿಚ್ಚುವಾಗ ಮೊದಲು ಕಪ್ಪು, ಆಮೇಲೆ ಕೆಂಪು. ಹಾಕುವಾಗ ಮೊದಲು ಕೆಂಪು, ಆಮೇಲೆ ಕಪ್ಪು. ಕೆಂಪು ಬಿಚ್ಚುವಾಗ ಕಪ್ಪು ವಯರು ಇನ್ನೂ ಕೂತಿದ್ದರೆ, ಸ್ಪ್ಯಾನರ್ ಫ್ರೇಮಿಗೆ ತಾಗಿದ ಕೂಡಲೇ ಕಿಡಿ ಹಾರುತ್ತದೆ. ಅದಲುಬದಲು ಮಾಡಿದರೆ ಫ್ಯೂಸಿನಿಂದ ಇಸಿಯುತನಕ ಏನು ಬೇಕಾದರೂ ಹೋಗಬಹುದು, ಆಗ ಬ್ಯಾಟರಿಯ ಬೆಲೆ ನೆನಪಿಗೂ ಬಾರದು. ಟರ್ಮಿನಲ್ ಒಳಗಿನ ಪುಟ್ಟ ಚೌಕ ನಟ್ ಜಾರಿ ಇಂಜಿನ್ ಸಂದಿಗೆ ಬೀಳುವುದು ಎಲ್ಲರಿಗೂ ಒಮ್ಮೆ ಆಗುವ ಕಥೆ. ಅದರ ಕೆಳಗೆ ಚೂರು ಸ್ಪಂಜು ತುರುಕಿದರೆ ನಿಲ್ಲುತ್ತದೆ. ಬಿಗಿ ಮಾಡಿದ ಮೇಲೆ ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ. ಬ್ಯಾಟರಿ ಅಲುಗಾಡದ ಹಾಗೆ ರಬ್ಬರ್ ಪಟ್ಟಿ ಹಾಕಿ. ಕೊನೆಗೆ ಇಂಜಿನ್ ಓಡಿಸಿ ಮೂರನೆಯ ಅಳತೆಯನ್ನು ಮತ್ತೊಮ್ಮೆ ತೆಗೆಯಿರಿ.

ಮಳೆಗಾಲ ದಾಟಿಸುವುದು

ಬ್ಯಾಟರಿಯನ್ನು ಚಳಿ ಕೊಲ್ಲುತ್ತದೆ ಅನ್ನುವುದು ನಮ್ಮಲ್ಲಿ ಕೇಳಿಬರುವ ಮಾತು. ಮಾಗಿಯ ಬೆಳಿಗ್ಗೆ ಸೆಲ್ಫ್ ಸ್ವಲ್ಪ ತಿಣುಕುವುದು ಹೌದು, ಆದರೆ ಕೊಲ್ಲುವಷ್ಟು ಚಳಿ ಮಲೆನಾಡಿನಲ್ಲಿಲ್ಲ. ಇಲ್ಲಿ ಕೊಲ್ಲುವುದು ಸುಮ್ಮನೆ ನಿಲ್ಲಿಸುವುದು. ಗಡಿಯಾರ, ಇಸಿಯು, ಹಾಕಿಸಿಕೊಂಡ ಅಲಾರಂ ಎಲ್ಲ ಸೇರಿ ಕೀ ತೆಗೆದಾಗಲೂ 2 ಮಿಲಿಆಂಪಿಯರ್ ಹೀರುತ್ತವೆ ಅಂತಿಟ್ಟುಕೊಳ್ಳಿ. ದಿನದ 24 ಗಂಟೆ, 30 ದಿನ, ಒಟ್ಟು ಸುಮಾರು 1.4 ಎಎಚ್. 4 ಎಎಚ್ ಬ್ಯಾಟರಿಯ ಮೂರನೇ ಒಂದು ಭಾಗ ಒಂದೇ ತಿಂಗಳಲ್ಲಿ ಹೋಯಿತು. ತಾನಾಗಿ ಸೋರುವುದು ಬೇರೆ. ಐದು ನಿಮಿಷ ಡೇರಿಗೆ ಹೋಗಿ ಬಂದರೆ ಸೆಲ್ಫ್ ತಿಂದದ್ದು ವಾಪಸು ತುಂಬಬಹುದು, ಹಳೆಯ ಬಾಕಿ ತೀರುವುದಿಲ್ಲ. ಅಂಗಳದಲ್ಲೇ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡುವುದರಿಂದಲೂ ಏನೂ ಆಗದು. ವಾರಕ್ಕೊಮ್ಮೆ ಮಳೆ ಹೊಳವಾದಾಗ ಇಪ್ಪತ್ತು ಮೂವತ್ತು ನಿಮಿಷ ರಸ್ತೆಯಲ್ಲಿ ಓಡಿಸಿ.

ಅದೂ ಆಗದಿದ್ದರೆ ಕಪ್ಪು ವಯರು ಬಿಚ್ಚಿಡಿ. ಇನ್ನೂ ಒಳ್ಳೆಯದು ಬೈಕಿನ ಬ್ಯಾಟರಿಗೆಂದೇ ಬರುವ, ತುಂಬಿದ ಮೇಲೆ ತಾನೇ ಕಡಿಮೆ ಮಾಡಿಕೊಳ್ಳುವ ಸಣ್ಣ ಚಾರ್ಜರು. ಎಎಚ್‌ನ ಹತ್ತನೇ ಒಂದು ಭಾಗ ಆಂಪಿಯರ್ ಅನ್ನುವುದು ಹಳೆಯ ಲೆಕ್ಕ: 5 ಎಎಚ್‌ಗೆ ಅರ್ಧ ಆಂಪಿಯರ್, ಸ್ವಲ್ಪ ಹೆಚ್ಚಾದರೂ ನಡೆದೀತು. ಜೀಪು, ಟ್ರ್ಯಾಕ್ಟರಿನ ಚಾರ್ಜರ್ ಹಾಕಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರಬಹುದು, ಹಾಗಾಗಿ ಜಗುಲಿಯಲ್ಲೋ ಗಾಳಿಯಾಡುವ ಕಡೆಯೋ ಇಡಿ, ಬಚ್ಚಲ ಒಲೆಯ ಹತ್ತಿರ ಖಂಡಿತ ಬೇಡ. ದುಬಾರಿ ಮತ್ತು ಅತಿ ದುಬಾರಿಯ ನಡುವಿನ ವ್ಯತ್ಯಾಸದ ದುಡ್ಡು ಕೈಯಲ್ಲಿದ್ದರೆ ಅದನ್ನು ಈ ಚಾರ್ಜರಿಗೆ ಹಾಕಿ ಅನ್ನುವುದು ನನ್ನ ಸಲಹೆ.

ಹಳೆಯದನ್ನು ಏನು ಮಾಡುವುದು

ಕೊಟ್ಟಿಗೆ ಅಟ್ಟದಲ್ಲಿ ಇಡಬೇಡಿ, ಗುಜರಿಯವರಿಗೂ ಕೊಡಬೇಡಿ. ಒಡೆದು ಆಸಿಡ್ ಚರಂಡಿಗೆ ಚೆಲ್ಲಿ ಸೀಸ ಕರಗಿಸುವ ಜಾಗದ ನೀರು, ಮಣ್ಣು ಎರಡೂ ಕೆಡುತ್ತವೆ. ನಮ್ಮಲ್ಲಿ ಅಂಥ ನೀರು ಹರಿದು ಸೇರುವುದು ಯಾರದೋ ತೋಟದ ಕೆರೆಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಬಿಟ್ಟು, ಬಿಲ್ಲಿನಲ್ಲಿ ಎಕ್ಸ್‌ಚೇಂಜ್ ಮೊತ್ತ ಕಳೆಯುವಂತೆ ಹೇಳಿ. ಒಯ್ಯುವಾಗ ಆಸಿಡ್ ಮಾದರಿಯದಾದರೆ ನೆಟ್ಟಗೆ ನಿಲ್ಲಿಸಿ, ಬಸ್ಸಿನಲ್ಲಾದರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟು ಕಾಲ ಬುಡದಲ್ಲೇ ಇಟ್ಟುಕೊಳ್ಳಿ, ಟರ್ಮಿನಲ್ ಎರಡಕ್ಕೂ ಇನ್ಸುಲೇಷನ್ ಟೇಪು ಸುತ್ತಿ.